ಫೂಟಿಗೆ ಎರಡು ರೂಪಾಯಿ ಕಡಿಮೆ

“ನಿಮ್ಮದಕಿಂತ ಫೂಟಿಗೆ ಎರಡ ರೂಪಾಯಿ ಕಡಿಮಿ ಹೇಳ್ಯಾನ್ರಿ ಅಂವ. ಹಂಗಂತ ನಿಮ್ಮ ಕೆಲಸದ ಮ್ಯಾಲ ನಮ್ಮದೇನೂ ತಕರಾರಿಲ್ಲ ಮತ್ತ,” ಎಂದು ಫೋನಿನೊಳಗಿನ ಗಿರಾಕಿ ಸಮಾಧಾನ ಹೇಳುತ್ತಿದ್ದ.

ಭೀಮಸಿ ಫೋನಿನ ಸ್ಪೀಕರ್ ಹಚ್ಚಿ ಗಂಗಾಳದ ಮಗ್ಗುಲಿಗೆ ಇಟ್ಟುಕೊಂಡು ಊಟಕ್ಕೆ ಕೂತಿದ್ದ. ‘ಅಂವ’ ಅಂದರೆ ಯಾರು ಅಂತ ಕೇಳಲಿಲ್ಲ. “ಆತ್ರಿ, ಇರ್ಲಿ” ಅಂದು ಫೋನು ಬಂದ್ ಮಾಡಿದ. ರೊಟ್ಟಿ ಮುರಿದು ಬದನೆಕಾಯಿ ಪಲ್ಲೆಯಲ್ಲಿ ಅದ್ದಿದವನು ಬಾಯಿಗೆ ಒಯ್ಯದೆ ಮತ್ತೆ ಗಂಗಾಳದಲ್ಲೇ ಇಟ್ಟ.

“ಮೂರನೇದ್ದು ಇದು,” ಅಂದ. “ದೀವಳಿಗಿ ಆದಮ್ಯಾಲ ಮೂರ ಕೆಲಸ ಹೋದವು. ಮೂರಕ್ಕೂ ಎರಡ ರೂಪಾಯಿ. ಒಂದೂವರಿ ಅಲ್ಲ, ಮೂರೂ ಅಲ್ಲ.”

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅನುಸೂಯಾ ಗಂಡನ ಮುಖ ನೋಡಲಿಲ್ಲ. ಹಿತ್ತಲ ಬಾಗಿಲಲ್ಲಿ ಕೊಡ ತುಂಬುತ್ತಿದ್ದ ಸೊಸೆ ಉಜ್ವಲಾಳ ಬೆನ್ನು ನೋಡಿದಳು. ಕೊಡ ತುಂಬಿ ಹೊರಗೆ ಚೆಲ್ಲುತ್ತಿದ್ದರೂ ಸೊಸೆಗೆ ಅದರ ಖಬರಿಲ್ಲ. ಕಿವಿ ಒಳಗಿತ್ತು ಅಂತ ಅನುಸೂಯಾಳಿಗೆ ಅನ್ನಿಸಿತು. ಒಮ್ಮೆ ಅನ್ನಿಸಿದ್ದು ಆಮೇಲೆ ಹೋಗಲಿಲ್ಲ.

ರಾಯಬಾಗದಿಂದ ಅಂಕಲಿಗೆ ಹೋಗುವ ರಸ್ತೆಯ ಮಗ್ಗುಲಿಗೆ ಭೀಮಸಿಯ ಅಂಗಡಿ. ಮುಂದೆ ತಗಡಿನ ಪತ್ರಾ, ಕಬ್ಬಿಣದ ಪೈಪು, ವೆಲ್ಡಿಂಗ್ ಮಷೀನು; ಹಿಂದೆ ಮನೆ. ಅವನಪ್ಪನ ಕಾಲದವರೆಗೂ ಕುರಿ ಕಾಯ್ದ ಮನೆತನ. ಒಂದು ವರ್ಷ ಬಿರುಗಾಳಿಗೆ ಕುರಿದೊಡ್ಡಿಯ ಮಾಡು ಹಾರಿ ಹೋದಾಗ ಭೀಮಸಿ ತಾನೇ ಪೈಪು ನಿಲ್ಲಿಸಿ ಪತ್ರಾ ಹೊದಿಸಿದ. ಅದನ್ನು ನೋಡಿದ ಬಾಜೂ ಹೊಲದವರು ನಮ್ಮ ದನದ ಕೊಟ್ಟಿಗೆಗೂ ಮಾಡಿಕೊಡು ಅಂದರು. ಹಾಗೆ ಶುರುವಾದ ಧಂದೆ. ಆಗ ಈ ದಾರಿಗೆಲ್ಲ ಒಬ್ಬನೇ ಇದ್ದ. ಈಗ ಚಿಕ್ಕೋಡಿಯಿಂದ ಇಲ್ಲಿಯವರೆಗೆ ಹದಿನಾಲ್ಕು ಮಂದಿ. ಮೊದಲು “ಭೀಮಸಿ ಹೇಳ್ಯಾನಂದ್ರ ಆತು” ಅನ್ನುತ್ತಿದ್ದ ರೈತರೇ ಈಗ ನಾಲ್ಕು ಕಡೆಯಿಂದ ಕೊಟೇಶನ್ ತರಿಸಿ, ಹೆಣ್ಣು ನೋಡಿದ ಹಾಗೆ ನೋಡುತ್ತಾರೆ.

ಆ ಹದಿನಾಲ್ಕರಲ್ಲಿ ದೊಡ್ಡವನು ಜ್ಞಾನದೇವ. ಚಿಕ್ಕೋಡಿ ರಸ್ತೆಯಲ್ಲಿ ಅವನ ಅಂಗಡಿ, ಬೇಕಾದಷ್ಟು ಉದ್ದಕ್ಕೆ ಪತ್ರಾ ಒತ್ತಿ ಕೊಡುವ ಮಷೀನು, ಅವನದೇ ಫೋಟೋ ಇರುವ ಬೋರ್ಡು. ಮೂರು ಕೆಲಸ ಕಿತ್ತುಕೊಂಡವನು ಅವನೇ. ಉಜ್ವಲಾಳ ತವರು ನಿಪ್ಪಾಣಿಯ ಹತ್ತಿರದ ಹಳ್ಳಿ. ಜ್ಞಾನದೇವ ಅವಳ ತಾಯಿಗೆ ದೊಡ್ಡಪ್ಪನ ಮಗ. ಅವಳು ಅವನಿಗೆ ಮಾಮಾ ಅನ್ನುತ್ತಾಳೆ. ಎರಡು ವರ್ಷದ ಹಿಂದೆ ಮದುವೆ ಮಂಟಪದಲ್ಲಿ ಭೀಮಸಿಯ ಕೈ ಹಿಡಿದು, ಇನ್ನು ನಾವು ಬೀಗರು, ಧಂದೆದಾಗ ಜಗಳ ಬ್ಯಾಡ ಅಂದವನೂ ಅವನೇ. ಭೀಮಸಿ ಆ ಮಾತನ್ನು ನಂಬಿ ಅವನಿಗೆ ಎರಡು ಸಲ ಜಿಲೇಬಿ ಬಡಿಸಿದ್ದ.

ಮೊದಲೆಲ್ಲ ಭೀಮಸಿ ಲಗ್ನಪತ್ರಿಕೆಯ ಬೆನ್ನಿಗೆ ಲೆಕ್ಕ ಗೀಚಿ ಗಿರಾಕಿಯ ಕೈಗೆ ಕೊಡುತ್ತಿದ್ದ. ಬಿಕಾಂ ಮುಗಿಸಿದ್ದ ಉಜ್ವಲಾ ಬಂದ ಮೇಲೆ ಅದನ್ನು ನೋಡಿ ನಕ್ಕು, ಫೋನಿನಲ್ಲೇ ಚಂದಗೆ ಕೊಟೇಶನ್ ಮಾಡಿ ಕಳಿಸಲು ಶುರುಮಾಡಿದಳು. ಮಾವ ಅಳತೆ, ರೇಟು ಹೇಳುತ್ತಿದ್ದ, ಸೊಸೆ ಬರೆಯುತ್ತಿದ್ದಳು. ಹೊಸತರಲ್ಲಿ ಭೀಮಸಿ ಕಂಡಕಂಡವರಿಗೆ ಅದನ್ನು ತೋರಿಸಿ, ನಮ್ಮ ಸೊಸಿ ಮಾಡಿದ್ದು ಅನ್ನುತ್ತಿದ್ದ. ಈಗ ಅದೇ ಫೋನು ನೋಡಿದರೆ ಅವನು ಹಲ್ಲು ಕಡಿಯುತ್ತಿದ್ದ.

ಆ ಮನೆಯಲ್ಲಿ ಇನ್ನೊಂದು ಕ್ರಮವಿತ್ತು. ಹಿಂದೆ ಕುರಿಹಿಂಡನ್ನು ಯಾವ ದಿಕ್ಕಿಗೆ ಹೊಡೆಯಬೇಕು ಅನ್ನುವುದನ್ನು ಬೀರದೇವರಿಗೆ ಹೂ ಕೇಳಿಯೇ ತೀರ್ಮಾನ ಮಾಡುತ್ತಿದ್ದರು. ಕುರಿ ಹೋದವು, ಪತ್ರಾ ಬಂದವು, ಹೂ ಕೇಳುವುದು ಉಳಿಯಿತು. ಭೀಮಸಿಯ ತಾಯಿ ಕೆಂಪವ್ವ, ಎಪ್ಪತ್ತೆಂಟರ ಮುದುಕಿ, ಐತವಾರಕ್ಕೊಮ್ಮೆ ಕಾಲುವೆ ದಾಟಿ ಗುಡಿಗೆ ಹೋಗಿ ಕೇಳಿಕೊಂಡು ಬರುವಳು. ದೇವರ ಬಲಭುಜದ ಹೂ ಬಿದ್ದರೆ ಸೋಮವಾರ ಕೊಟೇಶನ್ ಗಿರಾಕಿಗೆ ಹೋಗುತ್ತಿತ್ತು. ಎಡದ್ದು ಬಿದ್ದರೆ ರೇಟು ತಿದ್ದಬೇಕು. ಈ ಮೂರು ಕೆಲಸಕ್ಕೂ ಬಲದ್ದೇ ಬಿದ್ದಿತ್ತು. ದೇವರೇ ಹೂ ಕೊಟ್ಟ ಕೆಲಸ ಕೈ ತಪ್ಪುತ್ತಿದೆ ಅಂದರೆ ಮನೆಯೊಳಗೇ ಯಾರೋ ಕೆಡಿಸುತ್ತಿದ್ದಾರೆ ಅಂತ ಭೀಮಸಿ ಗಟ್ಟಿ ಮಾಡಿಕೊಂಡ.

ಮೂರನೇ ಕೆಲಸ ಹೋದ ದಿನದಿಂದ ಅನುಸೂಯಾ ಸೊಸೆಯನ್ನು ಕಾಯತೊಡಗಿದಳು. ಬೈದು ಮಾತಾಡುವ ಹೆಂಗಸಲ್ಲ ಅವಳು, ಅವಳದೆಲ್ಲ ಕಸಬರಿಗೆಯಿಂದ. ಉಜ್ವಲಾಳ ಫೋನು ಗುಣುಗುಟ್ಟಿತು ಅಂದರೆ ಅನುಸೂಯಾಳಿಗೆ ಅಲ್ಲಿಯೇ ಕಸ ಕಾಣುತ್ತಿತ್ತು. ಕಸಬರಿಗೆ ಹಿಡಿದು ಬಂದು ಗುಡಿಸಿದ್ದನ್ನೇ ಗುಡಿಸುವಳು. ಗಂಡನ ಅಂಗಿ ಒಗೆಯುವುದನ್ನು ಸೊಸೆಯ ಕೈಯಿಂದ ತೆಗೆದುಕೊಂಡಳು, ಕಿಸೆಯಲ್ಲಿ ಚೀಟಿಗಳಿರುತ್ತವಲ್ಲ. ಅಳತೆ ಬರೆಯುವ ಪುಸ್ತಕವನ್ನು ಜೋಳದ ಡಬ್ಬಿಯೊಳಗೆ ಹುಗಿದಿಟ್ಟಳು. ಉಜ್ವಲಾ ಪುಸ್ತಕ ಎಲ್ಲಿ ಅಂತ ಒಂದು ಸಲ ಕೇಳಿ, ಅತ್ತೆ ಗೊತ್ತಿಲ್ಲ ಅಂದ ಮೇಲೆ ಇನ್ನೊಂದು ಸಲ ಕೇಳಲಿಲ್ಲ. ಕೇಳದೇ ಇದ್ದದ್ದೂ ಅನುಸೂಯಾಳಿಗೆ ಸಂಶಯವೇ ಆಯಿತು.

ಒಂದು ಮಧ್ಯಾಹ್ನ ಸೊಸೆ ತಾಯಿಯ ಜೊತೆ ಮರಾಠಿಯಲ್ಲಿ ಮಾತಾಡುತ್ತಿದ್ದಳು. ಅನುಸೂಯಾಳಿಗೆ ಮರಾಠಿ ಬರುವುದಿಲ್ಲ ಅಂತಲ್ಲ, ಈ ಸೀಮೆಯಲ್ಲಿ ಯಾರಿಗೆ ಬರುವುದಿಲ್ಲ? ಆದರೆ ಹುಡುಗಿ ಹಿಟ್ಟು ಜರಡಿ ಹಿಡಿದ ಹಾಗೆ ಸಣ್ಣಗೆ, ಬಿರಬಿರನೆ ಸಾಗುವಳು. ಕಸಬರಿಗೆಯ ಸಪ್ಪಳ ನಿಲ್ಲಿಸಿ ಕಿವಿಗೊಟ್ಟಾಗ ಒಂದೇ ಒಂದು ಮಾತು ಪೂರಾ ಸಿಕ್ಕಿತು: “ಮಾಮಾಲಾ ಸಾಂಗೂ ನಕೋ.” ಮಾಮಾಗೆ ಹೇಳಬೇಡ.

ಏನನ್ನು ಹೇಳಬೇಡ? ಅನುಸೂಯಾ ಅಷ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡ ಹಾಗೆ ಇಟ್ಟುಕೊಂಡು ಗಂಡನಿಗೆ ಮುಟ್ಟಿಸಿದಳು. “ಮಾಮಾನ ಹೆಸರ ಬಂತು. ನಾ ಕಿವಿಯಾರೆ ಕೇಳೀನಿ,” ಅಂದಳು. ಭೀಮಸಿ ಬೀಡಿ ಆರಿಸಿ, ಹಂಗಾದ್ರ ಹಿಡಿಯೂಣು ಅಂದ.

ಹಿಡಿಯುವ ಸಂದರ್ಭ ಎಂಟೇ ದಿನದಲ್ಲಿ ಬಂತು. ಕಾಗವಾಡದ ಕಡೆಯ ವಿರುಪಾಕ್ಷಪ್ಪ ಅನ್ನುವ ದ್ರಾಕ್ಷಿ ಬೆಳೆಗಾರ ಹಣ್ಣು ಒಣಗಿಸಿ ಮಣೂಕ ಮಾಡಲು ಶೆಡ್ಡು ಹಾಕಿಸುವವನಿದ್ದ. ಅರವತ್ತು ಫೂಟು ಅಗಲ, ನೂರಾ ಇಪ್ಪತ್ತು ಉದ್ದ. ಹಂಗಾಮಿನ ದೊಡ್ಡ ಕೆಲಸ. ಅದೊಂದು ಕೈಗೆ ಹತ್ತಿದರೆ ಮಳೆಗಾಲದವರೆಗೆ ಚಿಂತೆಯಿಲ್ಲ. ಭೀಮಸಿ ಮತ್ತು ಮಗ ಮಹಾದೇವ ಹೋಗಿ ಅಳತೆ ತಂದರು. ಮರುದಿನ ಊಟದಲ್ಲಿ ಎಲ್ಲರೆದುರು ಭೀಮಸಿ ಸೊಸೆಗೆ, ಫೂಟಿಗೆ ಎರಡು ನೂರಾ ಹದಿನೈದು ಅಂತ ಬರಿ ಅಂದ. ಉಜ್ವಲಾ ಒಂದು ಗಳಿಗೆ ಮಾವನ ಮುಖ ನೋಡಿದಳು.

“ಎರಡ ನೂರಾ ಹದಿನೈದ ಏನ್ರಿ ಮಾವಾರ?”

“ಯಾಕ? ಕೇಳಸಲಿಲ್ಲೇನು?”

“ಕೇಳಿಸ್ತ್ರಿ,” ಅಂದು ಬರೆದಳು. ಕಳಿಸಬ್ಯಾಡ, ನಾನ ಒಯ್ದು ಕೊಡತೀನಿ ಅಂದ ಭೀಮಸಿ.

ಅದು ಸುಳ್ಳು ರೇಟು. ಖರೆ ರೇಟನ್ನು ಭೀಮಸಿ ತನ್ನ ಕೈಯಾರೆ ಚೀಟಿಯಲ್ಲಿ ಬರೆದು ಕಿಸೆಯಲ್ಲಿಟ್ಟುಕೊಂಡ. ಮಗನಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಅನುಸೂಯಾಳಿಗೆ ಹೇಳಿದ್ದು ಇಷ್ಟೇ: ಜ್ಞಾನದೇವ ಎರಡು ನೂರಾ ಹದಿಮೂರು ಅಂದನೆಂದರೆ ನಿನ್ನ ಸೊಸೆ ಸಿಕ್ಕಳು ಅಂತ ತಿಳಿ. ಐತವಾರ ಬಲದ ಹೂ ಬಿತ್ತು. ಸೋಮವಾರ ಭೀಮಸಿ ತಾನೇ ಮೋಟಾರ್ ಸೈಕಲ್ ಹತ್ತಿ ಕಾಗವಾಡದ ಕಡೆ ಹೋಗಿ ಚೀಟಿಯನ್ನು ವಿರುಪಾಕ್ಷಪ್ಪನ ಕೈಯಲ್ಲೇ ಕೊಟ್ಟು ಬಂದ.

ಗುರುವಾರ ವಿರುಪಾಕ್ಷಪ್ಪನ ಫೋನು ಬಂತು. ಭೀಮಸಿ ಬೇಕಂತಲೇ ಸ್ಪೀಕರ್ ಹಚ್ಚಿ, ಉಜ್ವಲಾ ಎಲ್ಲಿದ್ದಾಳೆ ಅಂತ ಕಣ್ಣಲ್ಲೇ ಹುಡುಕಿಕೊಂಡು, ಹೇಳ್ರಿ ಅಂದ.

“ಭೀಮಸಿ, ನಿಂದ ನೂರಾ ತೊಂಬತ್ತೆಂಟ ಐತಿ. ಜ್ಞಾನದೇವಂದು ನೂರಾ ತೊಂಬತ್ತಾರ ಬಂದೈತಪಾ. ಅವಗ ಹೂಂ ಅಂದ್ಬಿಟ್ಟೆ. ಮನಸಿಗೆ ಹಚ್ಚಿಕೋಬ್ಯಾಡ.”

ಚೀಟಿಯಲ್ಲಿದ್ದ ಖರೆ ರೇಟು ಅದೇ. ನೂರಾ ತೊಂಬತ್ತೆಂಟು ಅನ್ನುವುದನ್ನು ಅನುಸೂಯಾ ಕೇಳಿದ್ದು ಆಗಲೇ ಮೊದಲು. ಅವಳು ಅಂಗಳಕ್ಕೆ ಬಂದು ಗಂಡನ ಹತ್ತಿರ ನಿಂತು, “ಇಕಿಗಿ ಗೊತ್ತಿದ್ದದ್ದು ಎರಡ ನೂರಾ ಹದಿನೈದ. ಹಂಗಾದ್ರ ಇಕಿ ಅಲ್ಲ,” ಅಂದಳು.

“ಕಿಸೆ ತಡಕಾಡಿರಬೇಕು.”

“ಅಂಗಿ ಒಗದಾಕಿ ನಾನು. ನಿಮ್ಮ ಅಂಗಿ ಅಕಿ ಮುಟ್ಟಿ ಹದಿನೈದ ದಿನ ಆತು.”

“ಮಲಗಿದಾಗ ನೋಡಿರಬೇಕು. ಇಲ್ಲಾ, ಮಹಾದ್ಯಾನ ಕಡೆಯಿಂದ ತಿಳಕೊಂಡಿರಬೇಕು. ಅಳತಿಗೆ ಅಂವ ಇದ್ನಲ್ಲ.”

ಮಗನ ಮೇಲೂ ಬಂತಲ್ಲ ಅಂತ ಅನುಸೂಯಾ ಒಳಗೆ ನಡೆದಳು. ಹದಿನೈದು ದಿನದಿಂದ ಸೊಸೆಯ ನೆರಳು ತುಳಿಯುತ್ತಾ ತಿರುಗಿದವಳು ತಾನು. ಅವಳು ಎಲ್ಲಿ ಕೂತಳು, ಎಷ್ಟು ಹೊತ್ತಿಗೆ ನೀರಿಗೆ ಹೋದಳು, ಯಾರ ಜೊತೆ ಮಾತಾಡಿದಳು ಎಲ್ಲ ಗೊತ್ತು. ಅವಳ ಪರವಾಗಿ ಸಾಕ್ಷಿ ಹೇಳಬೇಕಾದರೆ ಊರಲ್ಲಿ ತನ್ನ ಬಿಟ್ಟರೆ ಇನ್ನೊಬ್ಬರಿಲ್ಲ ಅನ್ನುವುದು ಅನುಸೂಯಾಳಿಗೆ ಆಗ ಹೊಳೆಯಿತು. ಹೊಳೆದರೂ ಬಾಯಿ ಬಿಡಲು ಧೈರ್ಯವಾಗಲಿಲ್ಲ; ಏನೋ ನನ್ನ ಕಣ್ಣು ತಪ್ಪಿಸಿರಬಹುದು ಅಂತ ಒಳಗೆ ಒಂದು ಮುಳ್ಳು ಹಾಗೇ ಇತ್ತು.

ಆ ಸಂಜೆ ಭೀಮಸಿ, ಸೊಸೆ ಸೋಮವಾರ ನಾಲ್ಕು ದಿನ ತವರಿಗೆ ಹೋಗಿ ಬರಲಿ ಅಂದ. ನಾಲ್ಕು ದಿನ ಅಂದರೆ ಎಷ್ಟು ದಿನ ಅನ್ನುವುದು ಕೂತವರಿಗೆಲ್ಲ ತಿಳಿಯಿತು. ಉಜ್ವಲಾ ರೊಟ್ಟಿಯ ಬುಟ್ಟಿ ಕೆಳಗಿಟ್ಟು ಒಳಗೆ ಹೋದಳು. ಮಹಾದೇವ ಗಂಗಾಳ ಸರಿಸಿದ.

“ಅಕಿ ಹೋದ್ರ ನಾನೂ ಹೋಗ್ತೀನಿ ಅಪ್ಪಾ. ಕೈಯ್ಯಾಗ ಕಸುಬ ಐತಿ. ಎಲ್ಲೆರ ದುಡದ ತಿಂತೀನಿ.”

“ಹೋಗಲೇ. ಚಿಕ್ಕೋಡಿ ರಸ್ತಾದಾಗ ನಿಮ್ಮ ಮಾಮಾ ಜಾಗಾ ಹಿಡದ ಕುಂತಾನ.”

“ಅಂವ ಬರೇ ಅಕಿ ಮಾಮಾ ಅಲ್ಲ, ನಿನಗೂ ಬೀಗ. ಲಗ್ನದಾಗ ಜಿಲೇಬಿ ಬಡಿಸಿದಾಂವ ನೀನು.”

ಭೀಮಸಿ ಎದ್ದು ಕೈ ತೊಳೆಯಲು ಹೋದ. ಮೂಲೆಯಲ್ಲಿ ಕೂತು ಮಜ್ಜಿಗೆಯಲ್ಲಿ ರೊಟ್ಟಿ ನೆನೆಸಿಕೊಂಡು ಉಣ್ಣುತ್ತಿದ್ದ ಕೆಂಪವ್ವ, “ಏನಂತ?” ಅಂದಳು. ಅವಳಿಗೆ ಕಿವಿ ಮಂದವಾಗಿ ಏಳೆಂಟು ವರ್ಷವಾಗಿತ್ತು. ಅನುಸೂಯಾ ಅವಳ ಬಟ್ಟಲಿಗೆ ಇನ್ನಷ್ಟು ಮಜ್ಜಿಗೆ ಹಾಕಿದಳು. ಒಂದೇ ಮಗ, ಒಂದೇ ಒಲೆ. ಸೋಮವಾರದೊಳಗೆ ಇದು ಎರಡಾಗುತ್ತದೆ ಅನ್ನುವ ಚಿಂತೆಯಲ್ಲಿ ಅನುಸೂಯಾ ಆವತ್ತು ಹೆಂಚು ತೊಳೆಯುವುದನ್ನೇ ಮರೆತಳು. ಒಳಗೆ ಉಜ್ವಲಾ ಬ್ಯಾಗು ತುಂಬಿ ಬಾಗಿಲ ಹಿಂದೆ ಇಟ್ಟಳು.

ಐತವಾರ ಬಂತು. ಅಂಕಲಿಯಲ್ಲೊಂದು ಹಾಲಿನ ಡೇರಿಗೆ ಪತ್ರಾ ಹಾಕುವ ಸಣ್ಣ ಕೆಲಸ ಬಂದಿತ್ತು. ಮುಂಜಾನೆ ಅನುಸೂಯಾ ಹಿಟ್ಟು ಬೀಸಿಸಿಕೊಂಡು ಬರುವಾಗ ಅಂಗಡಿಯ ಮಗ್ಗುಲಲ್ಲಿ ಪತ್ರಾ ಒಟ್ಟಿದ ಕಡೆ ಭೀಮಸಿ ತಾಯಿಯ ತೋಳು ಹಿಡಿದು ನಿಂತಿದ್ದ. ಸುತ್ತ ನೋಡಿ, ಅವಳ ಕಿವಿಗೆ ಎರಡೂ ಕೈ ಕೊಳವೆ ಮಾಡಿ ಏನೋ ಹೇಳಿದ. ಮುದುಕಿ ತಲೆ ಆಡಿಸಿದಳು. ಅನುಸೂಯಾ ಬಂದದ್ದು ಕಂಡು ಭೀಮಸಿ, ಅವ್ವಗ ಮಣಕಾಲ ನೋವಂತ, ನೀನೂ ಜೋಡಿ ಹೋಗು ಅಂದ.

ಕೆಂಪವ್ವ, ಅನುಸೂಯಾ ಇಬ್ಬರೂ ಕಾಲುವೆಯ ದಂಡೆ ಹಿಡಿದು ನಡೆದರು. ಕಬ್ಬು ಕಡಿದ ಹೊಲಗಳು ಬೋಳಾಗಿದ್ದವು. ಟ್ರ್ಯಾಕ್ಟರುಗಳು ಎರಡೆರಡು ಟ್ರೈಲರಿಗೆ ಕಬ್ಬು ಹೇರಿಕೊಂಡು ಹಾಡು ಹಚ್ಚಿ ಹೋಗುತ್ತಿದ್ದವು. ಕೆಂಪವ್ವ ಕೋಲೂರುತ್ತಾ ಬಾಯಲ್ಲಿ ಏನೋ ಗೊಣಗುತ್ತಿದ್ದಳು. ದೇವರ ಹೆಸರು ಇರಬೇಕು ಅಂದುಕೊಂಡ ಅನುಸೂಯಾಳಿಗೆ ಹತ್ತಿರ ಬಂದಾಗ ಮಾತು ಬಿಡಿಸಿ ಕೇಳಿಸಿತು. “ಅಂಕಲಿ ಡೇರಿ. ನಲವತ್ತ ಎಂಬತ್ತ. ನೂರಾ ಎಂಬತ್ತೈದ. ಅಂಕಲಿ ಡೇರಿ. ನಲವತ್ತ ಎಂಬತ್ತ. ನೂರಾ ಎಂಬತ್ತೈದ.”

ಅನುಸೂಯಾಳ ಕಾಲು ನಿಂತಿತು.

“ಅತ್ತೀ,” ಅಂತ ಜೋರಾಗಿ ಕೂಗಿದಳು. “ಏನದು?”

“ಮರೀತೀನಿ ಅಂತ ಅನ್ನಾಕತ್ತೀನಿ,” ಅಂದಳು ಕೆಂಪವ್ವ. “ದೇವರಿಗೆ ಸರಿಯಾಗಿ ಹೇಳಬೇಕಲ್ಲ. ಅರ್ಧಮರ್ಧ ಹೇಳಿದ್ರ ಅಂವ ಏನಂತ ಹೂ ಕೊಟ್ಟಾನು?”

ಬೀರದೇವರ ಗುಡಿಯ ಮುಂದಿನ ಕಟ್ಟೆ ಹಿಂದೆ ಬಯಲಿಗೇ ಇತ್ತು. ಅದಕ್ಕೆ ಪತ್ರಾ ಹಾಕಿಸುತ್ತೇನೆ ಅಂತ ಭೀಮಸಿ ಹರಕೆ ಹೊತ್ತು ಐದು ವರ್ಷವಾಗಿತ್ತು. ಪ್ರತಿ ವರ್ಷ ಗಿರಾಕಿಗಳ ಕೆಲಸ ಮುಂದೆ ಬಂದು ದೇವರದು ಹಿಂದೆ ಉಳಿಯುತ್ತಿತ್ತು. ಈ ಸಲ ದಸರೆಗೆ ಜ್ಞಾನದೇವ ಎರಡೇ ದಿನದಲ್ಲಿ, ಪುಕ್ಕಟೆ, ಕಮಾನಿನ ಹಾಗೆ ಬಗ್ಗಿಸಿದ ನೀಲಿ ಪತ್ರಾ ಹೊದಿಸಿ, ಕಂಬಕ್ಕೆ ತನ್ನ ಫೋಟೋದ ಬೋರ್ಡು ತೂಗುಹಾಕಿ ಹೋಗಿದ್ದ. ಅಂದಿನಿಂದ ಭೀಮಸಿ ಆ ಕಡೆ ಹಾಯ್ದಿರಲಿಲ್ಲ. ಅನುಸೂಯಾಳೂ ಇವತ್ತೇ ಅದನ್ನು ನೋಡಿದ್ದು. ನೋಡಿದವಳೇ, ಪತ್ರಾದ ಕೆಳಗೆ ಏನೂ ಹಾಕಿಲ್ಲ, ಬರೇ ತಗಡು, ಮಳೆಗಾಲದಲ್ಲಿ ಗದ್ದಲ ಆಗತೈತಿ ಅಂದುಕೊಂಡಳು. ಇಪ್ಪತ್ತೈದು ವರ್ಷ ಪತ್ರಾದವನ ಹೆಂಡತಿ, ಅಷ್ಟು ತಿಳಿಯದೇ ಇರುತ್ತದೆಯೇ?

ಕೆಂಪವ್ವ ಒಳಗೆ ಹೋದಳು. ಪೂಜಾರಿ ಹಾಲಸಿದ್ದ ಭಂಡಾರದ ಅರಿಷಿಣ ಹಚ್ಚಿ, ದೇವರ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸಿ ಹೊರಗೆ ಬಂದು ಕಟ್ಟೆಯ ಮೇಲೆ ಕೂತ. ಅನುಸೂಯಾ ಮೆಟ್ಟು ಬಿಟ್ಟು ಬೇವಿನ ಮರದ ಹತ್ತಿರ ನಿಂತಿದ್ದಳು, ಗುಡಿಯಿಂದ ಇಪ್ಪತ್ತು ಹೆಜ್ಜೆ ದೂರ. ಆಗ ಅತ್ತೆಯ ದನಿ ಬಂತು. ಬಾಗಿಲಿನಿಂದ ಹೊರಟು ಆ ಬಗ್ಗಿದ ತಗಡಿಗೆ ಬಡಿದು, ಅಲ್ಲಿಂದ ಜಾತ್ರೆಯ ಮೈಕಿನ ಹಾಗೆ ಬಯಲಿಗೆ ಹರಿಯಿತು.

“ಬೀರಪ್ಪಾ, ನಮ್ಮಪ್ಪಾ, ಅಂಕಲಿ ಡೇರಿ ಕೆಲಸ ಬಂದೈತಿ. ನಲವತ್ತ ಫೂಟ ಅಗಲ, ಎಂಬತ್ತ ಉದ್ದ. ನನ್ನ ಮಗಾ ಫೂಟಿಗೆ ನೂರಾ ಎಂಬತ್ತೈದ ಹೇಳ್ಬೇಕಂತ ಮಾಡ್ಯಾನ. ಹೇಳ್ಲೋ ಬ್ಯಾಡೋ, ಹೂ ಕೊಡು.”

ಕಾಲುವೆಯಲ್ಲಿ ಎಮ್ಮೆ ತೊಳೆಯುತ್ತಿದ್ದವನೊಬ್ಬ ತಲೆಯೆತ್ತಿ ನೋಡಿ ನಕ್ಕ. ಅವನಿಗೆ ರೂಢಿಯಾಗಿತ್ತು ಅಂತ ಕಾಣುತ್ತದೆ.

ಅನುಸೂಯಾ ಕಟ್ಟೆಯ ಹತ್ತಿರ ಬಂದು ಹಾಲಸಿದ್ದನನ್ನು, ಜ್ಞಾನದೇವ ಇಲ್ಲಿಗೆ ಬರುತ್ತಾನೇನು ಅಂತ ಕೇಳಿದಳು. ಬರೂದಿಲ್ಲ ಅಂದ ಅವನು. ನೆಳ್ಳು ಮಾಡಿಕೊಟ್ಟ ಮೇಲೆ ಒಂದೇ ಸಲ ಬಂದಿದ್ದರು, ಆದರೆ ಐತವಾರ ತಪ್ಪದೆ ಫೋನ್ ಮಾಡುತ್ತಾರೆ, ದೇವರ ಮೇಲೆ ಭಾಳ ಭಕ್ತಿ ಅಂದ.

“ಫೋನಿನ್ಯಾಗ ಏನ ಕೇಳತಾನ?”

“ಕೆಂಪವ್ವಾಯಿ ಬಂದಿದ್ಲೇನು, ಏನ ಕೇಳಿದ್ಲು, ಹೂ ಯಾ ಕಡೆ ಬಿತ್ತು ಅಂತಾರ.”

“ನೀ ಹೇಳತೀ?”

“ಗುಡ್ಯಾಗಿನ ಮಾತ ಅಲ್ಲೇನಬೇ ಅಕ್ಕಾ. ದೇವರ ವಿಷಯಾ ಯಾರ ಕೇಳಿದ್ರೂ ಸುಳ್ಳ ಹೇಳಾಕ ಬರೂದಿಲ್ಲ.”

ಅವನ ಮುಖದಲ್ಲಿ ಕಳ್ಳತನ ಕಾಣಲಿಲ್ಲ. ಆದರೆ ಅಂಗಿಯ ಕಿಸೆಯಲ್ಲಿ ಹೊಸ ಫೋನು ಕಾಣುತ್ತಿತ್ತು. ಅವಳು ಅದನ್ನು ನೋಡಿದ್ದು ಕಂಡು ಹಾಲಸಿದ್ದ ಅದರ ಮೇಲೆ ಕೈಯಿಟ್ಟ. ಒಳಗಿನಿಂದ ಕೆಂಪವ್ವ ನಗುಮುಖದಿಂದ ಬಂದು, ಬಲದ್ದು ಬಿತ್ತು ಅಂದಳು.

ಮನೆಗೆ ಬರುವ ದಾರಿಯುದ್ದಕ್ಕೂ ಅನುಸೂಯಾ ಲೆಕ್ಕ ಹಾಕಿದಳು. ಹೇಳದಿದ್ದರೆ ನಾಳೆ ಸೊಸೆ ಹೋಗುತ್ತಾಳೆ, ಅವಳ ಹಿಂದೆ ಮಗ. ಹೇಳಿದರೆ ಈ ಮುದುಕಿಗೆ ಇರುವ ಒಂದೇ ಕೆಲಸವೂ ಹೋಗುತ್ತದೆ. ಕೆಂಪವ್ವ ಅವಳ ತೋಳು ಹಿಡಿದುಕೊಂಡು, ಈ ಕೆಲಸ ನಮಗ ಸಿಗತೈತಿ ನೋಡು ಅನ್ನುತ್ತಾ ಬಂದಳು.

ಸಂಜೆ ಎಲ್ಲರೂ ಊಟಕ್ಕೆ ಕೂತರು. ಝುಣಕಾ, ರೊಟ್ಟಿ, ಮಜ್ಜಿಗೆ. ನಾಳೆ ಎಷ್ಟು ಗಂಟೆಯ ಬಸ್ಸು ಅಂತ ಭೀಮಸಿ ಮಗನನ್ನು ಕೇಳಿದ. ಮಗ ಇನ್ನೊಂದು ರೊಟ್ಟಿ ಮುರಿದ. ಅನುಸೂಯಾ ಹೆಂಚಿನ ಮೇಲಿನ ರೊಟ್ಟಿ ತೆಗೆದು, ಒಲೆ ಆರಿಸಿ, ಗಂಡನ ಎದುರಿಗೆ ಬಂದು ಕೂತಳು. ಗುಡಿಯಲ್ಲಿ ಕಂಡದ್ದು, ಕೇಳಿದ್ದು, ಹಾಲಸಿದ್ದನ ಮಾತು, ಅವನ ಹೊಸ ಫೋನು, ಎಲ್ಲವನ್ನೂ ಸಾಲಾಗಿ ಹೇಳಿದಳು. ಅರ್ಧಕ್ಕೆ ಬಂದಾಗ ಕೆಂಪವ್ವನಿಗೂ ತಿಳಿಯಲಿ ಅಂತ ದನಿ ಏರಿಸಿದಳು.

ಮಹಾದೇವನಿಗೆ ಮೊದಲು ನಗು ಬಂತು. ಅಪ್ಪನ ಮುಖ ನೋಡಿ ನುಂಗಿಕೊಂಡ. ಭೀಮಸಿ ತಾಯಿಯ ಕಡೆ ತಿರುಗಿದ.

“ನಾ ಯಾರಿಗೂ ಹೇಳಿಲ್ಲೋ,” ಅಂದಳು ಕೆಂಪವ್ವ. “ದೇವರಿಗಷ್ಟ ಹೇಳೀನಿ.”

“ಊರಿಗೆಲ್ಲಾ ಕೇಳಸೂವಂಗ ಹೇಳೀದಿ ಅವ್ವಾ.”

ಮುದುಕಿ ಬಟ್ಟಲು ಕೆಳಗಿಟ್ಟಳು. “ನನ್ನ ದನಿ ಅಷ್ಟ ದೊಡ್ಡದಾಗೈತೇನು? ಇಷ್ಟ ವರ್ಷದಾಗ ಒಬ್ಬರೂ ಹೇಳಲಿಲ್ಲಲ್ಲ ನನಗ.”

ಅನುಸೂಯಾ ಎದ್ದು ಜೋಳದ ಡಬ್ಬಿಯಿಂದ ಅಳತೆ ಪುಸ್ತಕ ತೆಗೆದು, ಸೆರಗಿನಿಂದ ಒರೆಸಿ, ಉಜ್ವಲಾಳ ಗಂಗಾಳದ ಮಗ್ಗುಲಿಗೆ ಇಟ್ಟಳು. ಉಜ್ವಲಾ ಅದರ ಕಡೆ ನೋಡಲಿಲ್ಲ.

“ಎರಡ ನೂರಾ ಹದಿನೈದ ಅಂದಾಗನ ನನಗ ತಿಳೀತ್ರಿ ಅತ್ತಿ,” ಅಂದಳು. “ಮಣೂಕದ ಶೆಡ್ಡಿಗೆ ಸುತ್ತ ಗ್ವಾಡಿ ಇಲ್ಲ, ಬಾಗಲಾ ಇಲ್ಲ, ಬರೇ ಕಂಬ ಮತ್ತ ಪತ್ರಾ. ಅದಕ್ಕ ಯಾರರ ಅಷ್ಟ ಹೇಳತಾರೇನು? ನನ್ನ ಹಿಡ್ಯಾಕ ಹೇಳ್ಯಾರ ಅಂತ ಗೊತ್ತಿದ್ರೂ ಬರದ ಕೊಟ್ಟೆ.”

“ಮತ್ತ ಅವತ್ತ ಮಾಮಾಗ ಹೇಳಬ್ಯಾಡ ಅಂತ ನಿಮ್ಮವ್ವಗ ಅಂದಿ,” ಅಂದಳು ಅನುಸೂಯಾ. ಇಷ್ಟಾದ ಮೇಲೂ ಅದು ಬಾಯಿಗೆ ಬಂದೇಬಿಟ್ಟಿತು.

“ಅಂದೆ. ಇಲ್ಲಿ ನನ್ನ ಕಳ್ಳಿ ಅಂತ ಕಾಯಾಕತ್ತಾರ, ಮಾಮಾಗ ಹೇಳಬ್ಯಾಡ, ಅಂವ ನಾಕ ಮಂದಿ ಮುಂದ ಈ ಮನಿ ಮಾತ ಆಡಿ ನಕ್ಕಾನು ಅಂತ ಅಂದೆ.” ಅವಳ ದನಿ ಏರಲಿಲ್ಲ. “ನೀವ ಇವತ್ತ ಗುಡಿಗೆ ಹೋದ್ರಿ, ತಿಳೀತು. ಹೋಗಿರಲಿಲ್ಲಂದ್ರ?”

ಭೀಮಸಿ, ಆತು, ಆಗಿದ್ದು ಆತು, ನಾಳೆ ಯಾರೂ ಎಲ್ಲಿಗೂ ಹೋಗೂದು ಬ್ಯಾಡ ಅಂದ. ಬರಬರುತ್ತಾ ಅವನ ಕಣ್ಣಿಗೆ ಬೆಳಕು ಬಂತು. ಇದನ್ನು ಒಂದು ಡಾವು ಮಾಡಬಹುದಲ್ಲ ಅಂದ. ಮುಂದಿನ ಐತವಾರ ಅವ್ವನ ಕಿವಿಯಲ್ಲಿ ತಪ್ಪು ರೇಟು ಹಾಕಿ ಕಳಿಸುವುದು, ಒಂದು ನೂರಾ ಮೂವತ್ತು ಅನ್ನುವುದು. ಜ್ಞಾನದೇವ ಇನ್ನೂ ಎರಡು ಇಳಿಸಿ ಹೇಳಿ ಕೆಲಸ ಹಿಡಿದು ನೆಲ ಕಚ್ಚಲಿ.

ಅನುಸೂಯಾ ಎರಡೂ ಕೈ ಕೆನ್ನೆಗೆ ಬಡಿದುಕೊಂಡಳು. “ದೇವರ ಮುಂದ ಸುಳ್ಳಾ? ಏನ ಮಾತಂತ ಆಡತೀರಿ. ಕುರಿಮರಿ ಕೊಟ್ಟ ದೇವರು.”

ಕೆಂಪವ್ವನಿಗೆ ಎಷ್ಟು ಕೇಳಿಸಿತೋ, ಅವಳೂ ತಲೆ ಅಲ್ಲಾಡಿಸಿದಳು. ಭೀಮಸಿ, ಹ್ಯಾಂಗೂ ಅದು ಆಗದ ಮಾತು ಬಿಡು, ದೇವರಿಗೆ ಸುಳ್ಳು ಹೇಳಲು ಬರುವುದಿಲ್ಲ ಅಂತ ಒಪ್ಪಿಕೊಂಡ.

ಉಜ್ವಲಾ ಗಂಗಾಳ ಎತ್ತಿಕೊಂಡು ಎದ್ದು ನಿಂತಳು.

“ನನಗ ಹೇಳಾಕ ಬಂತಲ್ರಿ ಮಾವಾರ,” ಅಂದಳು.

ಭೀಮಸಿ ಮಜ್ಜಿಗೆಯ ತಂಬಿಗೆಯೊಳಗೆ ನೋಡುತ್ತಾ ಕೂತ.

ಅವಳು ಗಂಗಾಳ ತೊಳೆದಿಟ್ಟು ಒಳಗೆ ಹೋದಳು. ಬಾಗಿಲ ಹಿಂದಿನ ಬ್ಯಾಗಿನ ಜಿಪ್ಪು ಎಳೆದ ಸದ್ದು ಬಂತು. ಉಜ್ವಲಾ ಬ್ಯಾಗಿನಿಂದ ಫೋನಿನ ಚಾರ್ಜರ್ ಒಂದನ್ನೇ ತೆಗೆದುಕೊಂಡು ಬಂದು, ತನ್ನ ಕೋಣೆಯಲ್ಲಿ ಅಲ್ಲ, ಪಡಸಾಲೆಯಲ್ಲಿ ಎಲ್ಲರ ನಡುವೆ ಗೋಡೆಗೆ ಚುಚ್ಚಿದಳು. ಬ್ಯಾಗು ಇದ್ದಲ್ಲೇ ಇತ್ತು. ಫೋನಿಗೆ ಜೀವ ಬಂದ ಸ್ವಲ್ಪ ಹೊತ್ತಿಗೆ ಅದು ಗುಣುಗುಟ್ಟಿತು. ನಿಪ್ಪಾಣಿ ಕಡೆಯಿಂದ ಅವಳ ತಾಯಿ. ಉಜ್ವಲಾ ಎತ್ತಿಕೊಂಡು ಮರಾಠಿಯಲ್ಲಿ ಮಾತಿಗೆ ಶುರುಮಾಡಿದಳು.

ಅನುಸೂಯಾಳ ಕೈ ತಾನಾಗಿ ಕಸಬರಿಗೆಗೆ ಹೋಯಿತು. ಹಿಡಿದುಕೊಂಡಳು, ಎರಡು ಹೆಜ್ಜೆಯನ್ನೂ ಇಟ್ಟಳು. ಆಮೇಲೆ ಅದನ್ನು ಗೋಡೆಗೆ ಆನಿಸಿಟ್ಟು ಅಂಗಳ ದಾಟಿ, ಮಾತು ಕೇಳಿಸದಷ್ಟು ದೂರ ರಸ್ತೆಯವರೆಗೂ ಹೋಗಿ, ಕಬ್ಬಿನ ಟ್ರ್ಯಾಕ್ಟರು ಹಾಯ್ದುಹೋಗುವುದನ್ನು ನೋಡುತ್ತಾ ನಿಂತಳು.